ಬೇವಿನ ತೊಲೆಯ ಕೆಳಗಿನ ಹಿಟ್ಟು

ಮೊದಲ ಸಲ ಆ ಹಿಟ್ಟನ್ನು ಕಂಡ ಬೆಳಿಗ್ಗೆ ನಾನು ಮಾಡಿದ್ದು ಇಷ್ಟೇ. ಅಂಗೈಯಿಂದ ಒರೆಸಿದೆ, ಅಂಗೈಯನ್ನು ಲುಂಗಿಗೆ ಒರೆಸಿಕೊಂಡೆ, ಆಮೇಲೆ ಯಾರಾದರೂ ನೋಡಿದರೇನೋ ಎಂದು ಹಿಂದೆ ತಿರುಗಿ ನೋಡಿದೆ. ಕಳ್ಳತನ ಮಾಡಿದವನು ಮಾಡುವುದೂ ಅಷ್ಟೇ.

ಯಲಬುರ್ಗಾದಲ್ಲಿ ಕುಷ್ಟಗಿ ರಸ್ತೆಗೆ ಮುಖ ಮಾಡಿದ ನಮ್ಮ ಮನೆಯ ಮುಂದೆ, ನಮ್ಮದೇ ಜಾಗದಲ್ಲಿ, ನಾನು ಕೈಯಾರೆ ಕಟ್ಟಿದ ಒಂದು ದುಂಡು ಕಟ್ಟಿಗೆಯ ಖೋಲಿ ಇದೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಅದು ನನ್ನ ಹೆಂಡತಿಯ ರೊಟ್ಟಿ ಅಂಗಡಿ. ರೊಟ್ಟಿ ಬಡಿಯುವುದು, ಸುಡುವುದು ಎಲ್ಲ ಹಿಂದಿನ ಅಡಿಗೆಮನೆಯಲ್ಲಿ. ಖಡಕ್ ರೊಟ್ಟಿಯ ಕಟ್ಟುಗಳನ್ನು ಜೋಡಿಸುವುದು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾರುವುದು, ಜೋಳದ ಚೀಲ ಇಡುವುದು ಈ ಖೋಲಿಯಲ್ಲಿ. ನಡುವೆ, ಈ ಗೋಡೆಯಿಂದ ಆ ಗೋಡೆಗೆ, ಒಂದು ಬೇವಿನ ತೊಲೆ. ತೊಲೆಯ ಮೇಲೆ ಹಲಗೆ ಹಾಸಿ ಮಾಡಿದ ಅಟ್ಟ. ತೊಲೆಯ ನೇರ ಕೆಳಗೆ ಹೆಂಡತಿ ಕೂರುವ ಮಣೆ.

ಹಿಟ್ಟು ಬಿದ್ದಿದ್ದು ಆ ಮಣೆಯ ಮೇಲೆ.

ರೊಟ್ಟಿ ಅಂಗಡಿಯಲ್ಲಿ ಹಿಟ್ಟು ಬಿದ್ದರೆ ಯಾರಿಗೂ ಸಂಶಯ ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ. ಆದರೆ ನನ್ನ ಬೆರಳುಗಳಿಗೆ ಬಂತು. ಜೋಳದ ಹಿಟ್ಟನ್ನು ತಿಕ್ಕಿದರೆ ಸಣ್ಣಗೆ ತರಿ ಹತ್ತುತ್ತದೆ. ಇದು ಹತ್ತಲಿಲ್ಲ, ಜಾರಿತು. ಬಣ್ಣ ಜೋಳಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚು ಹಳದಿ. ನಾಲಿಗೆಯ ತುದಿಗೆ ಇಟ್ಟುಕೊಂಡೆ. ಕಹಿ. ತಲೆ ಎತ್ತಿ ನೋಡಿದರೆ ತೊಲೆಯ ಹೊಟ್ಟೆಯಲ್ಲಿ ಸೂಜಿಯ ಮೊನೆ ಆಡಿಸಿದಂಥ ತೂತುಗಳು. ಏಳು ಎಣಿಸಿದೆ. ಎಂಟನೆಯದು ಕಂಡಾಗ ಎಣಿಸುವುದನ್ನು ಬಿಟ್ಟೆ.

ಬೇರೆಯವರ ಮನೆಯ ತೊಲೆಯಾಗಿದ್ದರೆ ಅಲ್ಲೇ ನಿಂತು ಒಂದು ಭಾಷಣ ಮಾಡುತ್ತಿದ್ದೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಐದಕ್ಕೆ ಹೋಗುವ ಬದಲು ಗಂಗಾವತಿಯ ಒಂದು ಸಾಮಿಲ್‌ಗೆ ಹೋದೆ. ಅಲ್ಲಿಂದ ಇಲ್ಲಿಯವರೆಗೆ ಕಟ್ಟಿಗೆಯ ಕೆಲಸವೇ. ದಿಮ್ಮಿಯ ತುದಿಗೆ ಮೂಗು ಹಿಡಿದು ಯಾವ ಮರ ಎಂದು ಹೇಳುತ್ತೇನೆ, ಬಡಿದು ಸದ್ದು ಕೇಳಿ ಒಳಗೆ ಟೊಳ್ಳೋ ಗಟ್ಟಿಯೋ ಹೇಳುತ್ತೇನೆ. ಕೊಪ್ಪಳ, ಭಾಗ್ಯನಗರದ ಕಟ್ಟಿಗೆ ಅಡ್ಡೆಗಳಿಗೆ ಬಾಗಿಲು ಚೌಕಟ್ಟು ಆರಿಸಲು ಹೋಗುವವರು ನನ್ನನ್ನು ಜತೆಗೆ ಕರೆದೊಯ್ಯುತ್ತಾರೆ. ಹೈಸ್ಕೂಲಿನ ಹೆಡ್‌ಮಾಸ್ತರರೊಬ್ಬರು ಹೊಸ ಮನೆ ಕಟ್ಟಿಸುವಾಗ ಎಲ್ಲರೆದುರು, "ನೀವು ಹೂಂ ಅಂದ್ರ ನಾ ತಗೋತೀನ್ರಿ, ಇಲ್ಲಂದ್ರ ಇಲ್ಲ" ಎಂದಿದ್ದರು. ಶಾಲೆ ಬಿಟ್ಟವನಿಗೆ ಶಾಲೆಯವರೇ ಕೊಟ್ಟ ಆ ಮಾತನ್ನು ನಾನು ಈಗಲೂ ಎದೆಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತೇನೆ.

ಅಂಥವನ ಸ್ವಂತ ಖೋಲಿಯ ತೊಲೆಗೆ ಹುಳ.

ಅಂಗಡಿ ಹಾಕುವ ಮಾತು ಬಂದಾಗ ಮೊದಲು ತಗಡಿನ ಡಬ್ಬಿ ಅಂಗಡಿ ತಂದು ಇಡೋಣ ಎಂದಿದ್ದೆ. ಒಂದು ದಿನದ ಕೆಲಸ. ಹೆಂಡತಿ ಒಪ್ಪಲಿಲ್ಲ. "ನಮ್ಮ ಯಲಬುರ್ಗಾ ಬಿಸಿಲಿಗೆ ತಗಡಿನ್ಯಾಗ ಕುಂದರ್ಸಿದ್ರ ರೊಟ್ಟಿಗೆ ಬ್ಯಾರೆ ಹಂಚ ಬ್ಯಾಡ, ನನ್ನ ತಲಿ ಮ್ಯಾಲನ ಸುಡಬಹುದು. ಊರಿಗೆಲ್ಲ ಕಟ್ಟಿಗಿ ಆರಿಸಿ ಕೊಡ್ತೀರಿ, ನನಗೇನ ತಗಡು?" ಎಂದಳು. ಆ ಕೊನೆಯ ಮಾತು ನನಗೆ ತಾಗಿತು.

ಹಾಗಾಗಿ ಕಟ್ಟಿದೆ, ಮತ್ತು ತೊಲೆ ಒಂದನ್ನು ಬಿಟ್ಟರೆ ಎಲ್ಲವನ್ನೂ ಸರಿಯಾಗಿಯೇ ಕಟ್ಟಿದೆ. ಮೂಲೆಯ ಕಂಬಗಳಿಗೂ ತೊಲೆ ಕೂರುವ ಕಂಬಗಳಿಗೂ ಹೊಲದ ಬದುವಿನ ಹಳೆಯ ಕರಿಜಾಲಿ, ಒಳಗೆಲ್ಲ ಕಬ್ಬಿಣದಂತೆ ಕಪ್ಪಾದದ್ದು. ನೆಲಕ್ಕೆ ಹೋಗುವ ತುದಿಗಳನ್ನು ಬೆಂಕಿಯಲ್ಲಿ ಸುಟ್ಟು ಡಾಂಬರು ಬಳಿದೆ. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲೆ ನಿಂತದ್ದನ್ನು ಬೀಳುವ ಹಲ್ಲಿನ ಹಾಗೆ ಅಲುಗಾಡಿಸುತ್ತದೆ. ಆದ್ದರಿಂದ ಕಪ್ಪು ಮಣ್ಣು ಮುಗಿದು ಕೆಂಪು ಗರಸು ಸಿಗುವ ತನಕ ಅಗೆದು ಕಂಬ ಇಳಿಸಿ, ಸುತ್ತ ಗರಸನ್ನೇ ತುಂಬಿ ಕುಟ್ಟಿದೆ. ಗೋಡೆಗೆ ನೀಲಗಿರಿಯ ದುಂಡುಗಳು, ಒಂದರ ಮೇಲೊಂದು. ಎಲ್ಲಕ್ಕಿಂತ ಕೆಳಗಿನ ದುಂಡು ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ಒಂದು ಗೇಣು ಎತ್ತರ. ಮಾಡಿಗೆ ತಗಡು, ತಗಡಿನ ಮೇಲೆ ಗಂಗಾವತಿಯಿಂದ ತಂದ ನೆಲ್ಲುಹುಲ್ಲಿನ ಹೊದಿಕೆ. ಒಳಗೆ ಕಾಲಿಟ್ಟರೆ ಮಡಕೆಯೊಳಗೆ ಇಳಿದಷ್ಟು ತಂಪು.

ತೊಲೆಯ ಮರ ಹೆಂಡತಿಯ ತಮ್ಮನ ಹೊಲದ್ದು. ಕುಷ್ಟಗಿ ಕಡೆ ಅವನದು ಜೋಳ, ಒಂದು ತುಂಡು ದಾಳಿಂಬೆ ತೋಟ. ತೋಟದ ಮಗ್ಗುಲಿಗೆ ಗಾಳಿಗೆ ವಾಲಿದ ಒಂದು ಬೇವು ಇತ್ತು. ಬೇವನ್ನು ಕಡಿಯುವುದಕ್ಕೆ ಒಂದು ಪದ್ಧತಿ ಇದೆ. ಅಮಾವಾಸ್ಯೆ ಹತ್ತಿರ ಬರುವ ಕತ್ತಲ ಪಕ್ಷದಲ್ಲಿ, ಮರದಲ್ಲಿ ನೀರು ಇಳಿದಿರುವಾಗ ಕಡಿಯಬೇಕು. ತೊಗಟೆ ಸುಲಿದು ಮೂರು ತಿಂಗಳು ನೀರಿನಲ್ಲಿ ಮುಳುಗಿಸಬೇಕು. ಮರದ ಸಿಹಿಯೆಲ್ಲ ಬಿಟ್ಟು ನೀರು ಕಪ್ಪಾಗಿ ನಾರುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸಬೇಕು. ಗಂಗಾವತಿಯಲ್ಲಿ ಕಾಲುವೆ ಉಂಟು, ದಿಮ್ಮಿಗೆ ಹಗ್ಗ ಕಟ್ಟಿ ಬಿಟ್ಟರೆ ಆಯಿತು. ಯಲಬುರ್ಗಾದಲ್ಲಿ ಕುಡಿಯುವ ನೀರು ಬರುವ ದಿನ ಊರೆಲ್ಲ ಕೊಡ ಹಿಡಿದು ನಿಂತಿರುತ್ತದೆ. ಅಷ್ಟು ಉದ್ದದ ದಿಮ್ಮಿಯನ್ನು ಎಲ್ಲಿ ಮುಳುಗಿಸಲಿ? ಮೇಲಾಗಿ ದೀಪಾವಳಿ ಮುಗಿದಿತ್ತು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ಯುವವರಿಗೆಲ್ಲ ರೊಟ್ಟಿ ಕೊಡುತ್ತೇನೆಂದು ಹೆಂಡತಿ ಆಗಲೇ ಮಾತು ಕೊಟ್ಟುಬಿಟ್ಟಿದ್ದಳು. ನಾನು ಬೆಳದಿಂಗಳ ಪಕ್ಷದಲ್ಲೇ ಕೊಡಲಿ ಎತ್ತಿದೆ.

ಅವಳ ತಮ್ಮ ಪಕ್ಕದಲ್ಲಿ ನಿಂತು ಕೇಳಿದ. "ಮಾವಾರ, ಇದನ್ನ ನೀರಾಗ ನೆನಿ ಹಾಕೂದಿಲ್ಲೇನ್ರಿ? ನಮ್ಮ ಅಜ್ಜ ಹಾಕ್ತಿದ್ದ."

"ಬೇವಿಗೆ ಹುಳ ಬೀಳತಾವೇನೋ? ಹುಳಾನ ಸಾಯ್ತಾವ. ನೀ ದಾಳಿಂಬ್ರಿ ನೋಡ್ಕೊ, ಕಟ್ಟಿಗಿ ನನಗ ಬಿಡು."

ಅವನು ಬಿಟ್ಟ. ಎರಡನೆಯ ತಪ್ಪು ಚೆಂದಕ್ಕಾಗಿ ಮಾಡಿದ್ದು. ಮರದ ಹೊರಗಿನ ಎರಡು ಬೆರಳು ದಪ್ಪದ ಬಿಳಿ ಭಾಗವನ್ನು ಕೆತ್ತಿ ತೆಗೆಯಬೇಕಿತ್ತು, ಹುಳಕ್ಕೆ ಬೇಕಾದದ್ದು ಅದೇ. ಆದರೆ ಕೆತ್ತಿದರೆ ತೊಲೆ ಸಣ್ಣದಾಗುತ್ತದೆ, ದುಂಡು ಹೋಗುತ್ತದೆ. ಪ್ರವಾಸಿಗರು ಬರುವ ವಿರೂಪಾಪುರಗಡ್ಡೆಯಲ್ಲಿ ಒಮ್ಮೆ ದುಂಡು ಕಟ್ಟಿಗೆಯ ಒಂದು ಮನೆಗೆ ಕೆಲಸ ಮಾಡಿದ್ದೆ. ಬಂದವರೆಲ್ಲ ಅದರ ತೊಲೆಯನ್ನು ತಲೆ ಎತ್ತಿ ನೋಡುತ್ತಿದ್ದರು. ನನ್ನ ತೊಲೆಯನ್ನೂ ಜನ ತಲೆ ಎತ್ತಿ ನೋಡಲಿ ಎಂಬ ಆಸೆ. ನೋಡಿದರು. ಒಂದು ಎಳ್ಳ ಅಮಾವಾಸ್ಯೆಯಿಂದ, ನಡುವೆ ಒಂದು ಮಳೆಗಾಲ ದಾಟಿ, ಮರುವರ್ಷದ ಯುಗಾದಿಯವರೆಗೆ ನೋಡಿದರು. ಯುಗಾದಿ ಕಳೆದ ಮೇಲೆ ಹಿಟ್ಟು ಉದುರಲು ಶುರುವಾಯಿತು.

ದಿನಾ ಅವಳಿಗಿಂತ ಮೊದಲು ಎದ್ದು ಖೋಲಿಗೆ ಹೋಗುವುದು ನನ್ನ ಕೆಲಸವಾಯಿತು. ಕಸಬರಿಗೆ ಹಿಡಿದರೆ ಅವಳಿಗೆ ಸಂಶಯ, ಆದ್ದರಿಂದ ಒದ್ದೆ ಬಟ್ಟೆ. ಮಣೆ, ನೆಲ, ಡಬ್ಬಿಗಳ ಮುಚ್ಚಳ. "ಏನ್ರಿ, ಇತ್ತಿತ್ತಲಾಗ ಅಂಗಡಿ ಮ್ಯಾಲ ಭಾಳ ಪ್ರೀತಿ ಬಂದೈತಿ?" ಎಂದಳು ಒಮ್ಮೆ. ನಾನು ನಕ್ಕೆ. ನಗುತ್ತಲೇ ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಒಂದು ದಿನ ಕೊಪ್ಪಳಕ್ಕೆ ಮೊದಲ ಬಸ್ಸಿಗೆ ಹೋಗಬೇಕಾಗಿ ಬಂತು, ಒರೆಸಲು ಆಗಲಿಲ್ಲ. ಮಧ್ಯಾಹ್ನ ಬಂದು ನೋಡಿದರೆ ಅಂಗಳದ ತುಂಬ ತಾಡಪತ್ರಿ ಹಾಸಿ ಜೋಳ ಒಣಹಾಕಿದ್ದಾಳೆ. ತಲೆಗೆ ಸೆರಗು ಸುತ್ತಿಕೊಂಡು, ಜರಡಿ ಹಿಡಿದು, ಕಾಳಿನಲ್ಲಿ ಏನನ್ನೋ ಹುಡುಕುತ್ತಿದ್ದಾಳೆ.

"ಏನಿದು?" ಎಂದೆ.

"ಏನಂದ್ರ? ನನ್ನ ತಮ್ಮ ಕೊಟ್ಟ ಜ್ವಾಳ. ಹುಳ ಹತ್ತೇತಿ. ಅಟ್ಟದ ಮ್ಯಾಲ ಒಂದ್ ಗಂಟ ಇಟ್ಟಿದ್ನಲ್ಲ, ಹಲಗಿ ಸಂದಿನ್ಯಾಗಿಂದ ಹಿಟ್ಟ ಉದುರೇತಿ, ಮಣಿ ತುಂಬ."

"ಹುಳ ಕಂಡ್ವೇನು?"

"ಕಂಡಿದ್ರ ಆರಿಸಿ ಒಗಿತಿದ್ದೆ. ಕಾಣವಲ್ಲವು. ಅದಕ್ಕ ಸಿಟ್ಟ ಬಂದೈತಿ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವಳು ತಮ್ಮನಿಗೆ ಫೋನ್ ಹಚ್ಚಿಬಿಟ್ಟಿದ್ದಳು, ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದಳು.

"ಅಕ್ಕಾ, ಈ ವರ್ಷ ರಾಶಿ ಮಾಡಿದ್ದ ಜ್ವಾಳ ಬೇ ಅದು! ಹುಳಕ್ಕ ಹಲ್ಲರ ಬರಬೇಕಲ್ಲ?"

"ಹಲ್ಲ ಬಂದಾವ, ತಿಂದಾವ, ಹಿಟ್ಟೂ ಬೀಸ್ಯಾವ. ನಾ ಸುಳ್ಳ ಹೇಳ್ತೀನೇನು?"

ಸುಳ್ಳು ಹೇಳುವವನು ಅವಳ ಪಕ್ಕದಲ್ಲಿ ತಾಡಪತ್ರಿಯ ಮೂಲೆಯನ್ನು ನೆಟ್ಟಗೆ ಮಾಡುತ್ತ ಕುಳಿತಿದ್ದ.

ಆ ವಾರವೇ ಎರಡು ಬಸ್ಸು ಬದಲಿಸಿ ಗಂಗಾವತಿಗೆ ಹೋದೆ. ನನಗೆ ಗರಗಸ ಹಿಡಿಯಲು ಕಲಿಸಿದ ಚಾಚಾ ಅಲ್ಲಿದ್ದಾರೆ. ಈಗ ಕಣ್ಣು ಮಂಜು, ಮನೆಯ ಮುಂದೆ ಹೊರಸಿನ ಮೇಲೆ ಕೂತಿರುತ್ತಾರೆ. ಕೈ ಮಾತ್ರ ಇನ್ನೂ ಚುರುಕು. ಹಿಟ್ಟನ್ನು ಕಡ್ಡಿಪೆಟ್ಟಿಗೆಯಲ್ಲಿ ಒಯ್ದಿದ್ದೆ. ಅಂಗೈಗೆ ಸುರುವಿದೆ. ಅವರು ತಿಕ್ಕಿದರು, ಮೂಸಿದರು.

"ಬೇವು."

"ಹೌದ್ರಿ ಚಾಚಾ."

"ಯಾರದು?"

"ಒಬ್ಬರು ಪರಿಚಯದವರದ್ರಿ."

"ನಿನ್ನ ಪರಿಚಯದವ ನೀರಾಗ ಹಾಕಿಲ್ಲ. ಬೆಳದಿಂಗಳದಾಗ ಕಡದಾನ. ಬಿಳಿದು ಕೆತ್ತಿಲ್ಲ." ಒಂದೊಂದೇ ಬೆರಳು ಮಡಚಿದರು. "ಅರೆ, ಅವನಿಗೆ ಉಸ್ತಾದ್ ಯಾರು?"

ನಾನು ಕಾಲುವೆಯ ಕಡೆ ನೋಡಿದೆ.

"ಉಸ್ತಾದ್ ಇಲ್ಲದವ ಇರಬೇಕು, ಬಿಡು ಬೇಟಾ," ಎಂದರು. ಗೊತ್ತಾಗಿತ್ತೋ ಇಲ್ಲವೋ, ಮಂಜುಗಣ್ಣಿನಲ್ಲಿ ನನಗೆ ಏನೂ ಕಾಣಲಿಲ್ಲ. ಆಮೇಲೆ ಪಾಠ ಹೇಳಿಕೊಟ್ಟರು. ಮೊದಲು ಉಳಿ ತಗೊಂಡು ತೊಲೆಯ ನಡುವೆ ಮತ್ತು ಎರಡೂ ತುದಿಗೆ ಹೊಡೆದು ನೋಡಬೇಕು. ಎರಡು ಬೆರಳು ಇಳಿದು ಠಣ್ ಎಂದರೆ ಒಳಗಿನ ಕೆಂಪು ಚೇಗು ಬದುಕಿದೆ, ಹುಳ ಬಿಳಿಯದನ್ನಷ್ಟೇ ತಿಂದಿದೆ. ಹಿಡಿಕೆಯವರೆಗೆ ಇಳಿದರೆ ಅದರ ಮೇಲೆ ಭಾರ ಇಡಬಾರದು, ಕೆಳಗೆ ಮನುಷ್ಯರನ್ನೂ ಕೂರಿಸಬಾರದು. ಅದು ಗೊತ್ತಾದ ಮೇಲೆ ಪ್ರತಿ ತೂತಿಗೂ ಬೇವಿನೆಣ್ಣೆ, ಡೀಸೆಲ್ ಕೂಡಿಸಿ ಸೂಜಿಯಿಂದ ಹೊಡೆದು ಮೇಣ ಮೆತ್ತಬೇಕು.

"ಮೊದಲ ಉಳಿ. ಆಮ್ಯಾಲ ಸೂಜಿ. ಹೇಳು ನಿನ್ನ ಪರಿಚಯದವಗ," ಎಂದರು.

ಪರಿಚಯದವನು ಮೊದಲು ಸೂಜಿಯನ್ನೇ ಹಿಡಿದ. ಉಳಿ ಕೈಗೆತ್ತಿಕೊಂಡು ಎರಡು ಸಲ ಏಣಿ ಹತ್ತಿದ್ದು ನಿಜ. ಎರಡು ಸಲವೂ ತೊಲೆಗೆ ಕಿವಿ ಹಚ್ಚಿ ಇಳಿದುಬಂದೆ. ಹೊಡೆದ ಮೇಲೆ ಗೊತ್ತಾಗಿಬಿಡುತ್ತದೆ, ಗೊತ್ತಾದ ಮೇಲೆ ಸುಮ್ಮನಿರಲು ಬರುವುದಿಲ್ಲ. ಹೊಡೆಯದೆ ಇದ್ದರೆ ಇನ್ನೂ ಒಂದು ದಿನ ತೊಲೆ ಗಟ್ಟಿಯಿದೆ ಎಂದುಕೊಳ್ಳಬಹುದು. ದನದ ಔಷಧದ ಅಂಗಡಿಯಿಂದ ದಪ್ಪ ಸಿರಿಂಜು ತಂದು, ಅವಳು ಸಂತೆಗೆ ಹೋದಾಗ ಒಂದೊಂದೇ ತೂತಿಗೆ ಎಣ್ಣೆ ಹೊಡೆದೆ.

ಹಿಟ್ಟು ಕಡಿಮೆಯಾಯಿತು. ವಾಸನೆ ಶುರುವಾಯಿತು.

ಖಾಯಂ ರೊಟ್ಟಿ ಒಯ್ಯುವ ಮುದುಕಿಯೊಬ್ಬಳು ಕಟ್ಟನ್ನು ಮೂಗಿಗೆ ಹಿಡಿದು, "ಯವ್ವಾ, ನಿನ್ನ ರೊಟ್ಟಿ ಟ್ರ್ಯಾಕ್ಟರ್ ವಾಸನಿ ಹೊಡಿತಾವಲ್ಲ?" ಎಂದಳು. ಟ್ರ್ಯಾಕ್ಟರ್ ಎಂದ ಕೂಡಲೇ ನನ್ನ ಹೆಂಡತಿಗೆ ಜೋಳ ತಂದ ಟ್ರ್ಯಾಲಿ ನೆನಪಾಯಿತು. ಮತ್ತೆ ಫೋನು.

"ಜ್ವಾಳ ಹಾಕೂಕಿಂತ ಮೊದಲ ಟ್ರ್ಯಾಲಿ ತೊಳದಿದ್ದೇನು ನೀ?"

"ಅಕ್ಕಾ, ನನ್ನ ಟ್ರ್ಯಾಲಿ ನಿನ್ನ ಅಡಗಿಮನಿಗಿಂತ ಸ್ವಚ್ಛ ಐತಿ!"

ಅಡಿಗೆಮನೆಯ ಮಾತು ಬರಬಾರದಿತ್ತು. ಅವಳು ಫೋನ್ ಇಟ್ಟಳು. "ಇನ್ನ ಅವನ ಜ್ವಾಳ ಬ್ಯಾಡ, ಬ್ಯಾರೆ ಕಡೆ ತರೂಣು," ಎಂದಳು ನನಗೆ. ಪ್ರತಿ ವರ್ಷ ಮಾವಿನಹಣ್ಣು ಬಂದಾಗ ಅವಳ ತಮ್ಮ ಒಂದು ಪೆಟ್ಟಿಗೆ ಹಣ್ಣು ಹೊತ್ತುಕೊಂಡು ಬಂದು, ಸೀಕರಣೆ ಉಂಡು, ನಮ್ಮಲ್ಲೇ ಒಂದು ನಿದ್ದೆ ಹೊಡೆದು ಹೋಗುತ್ತಿದ್ದ. ಈ ಸಲ ಬರಲಿಲ್ಲ. ಅವಳು ಸೀಕರಣೆ ಮಾಡಲೂ ಇಲ್ಲ. ಬಸ್ಸು ನಿಂತಾಗಲೊಮ್ಮೆ ರಸ್ತೆಯ ಕಡೆ ನೋಡುತ್ತಿದ್ದಳು. ನಾನು ತೊಲೆಯ ಕಡೆ ನೋಡುತ್ತಿದ್ದೆ.

ಕೆಲಸಕ್ಕೆ ಹೋದಲ್ಲಿಂದ ದಿನಕ್ಕೆ ನಾಲ್ಕು ಸಲ ಫೋನ್ ಮಾಡುವ ಹಾಗಾಯಿತು. "ಎಲ್ಲಿ ಕುಂತಿ?" ಎಂದು ಕೇಳುತ್ತಿದ್ದೆ.

"ಎಲ್ಲಿ ಕುಂದರ್ಲಿ, ನಿಮ್ಮ ತಲಿ ಮ್ಯಾಲ? ಅಂಗಡ್ಯಾಗ ಕುಂತೀನಿ."

"ಮಣಿ ಬಾಗಲ ಕಡೆ ಸರಿಸ್ಕೋ. ಗಾಳಿ ಬರತೈತಿ."

ಸರಿಸಿಕೊಂಡಳು. ಮರುದಿನ ಮಣೆ ಮತ್ತೆ ಮೊದಲಿನ ಜಾಗದಲ್ಲಿ. ಬಾಗಿಲಿಗೆ ಬಸ್ಸಿನ ಧೂಳು ಬರುತ್ತದಂತೆ.

ಆ ದಿನಗಳಲ್ಲೇ ಕುಷ್ಟಗಿಯಿಂದ ಒಬ್ಬರು ಬಂದರು. ಅವರ ತೋಟಕ್ಕೆ ಇಂಥದೇ ಒಂದು ಖೋಲಿ ಬೇಕಂತೆ. ಒಳಗೆಲ್ಲ ತಿರುಗಾಡಿ ನೋಡಿ, ತುದಿಗಾಲಲ್ಲಿ ನಿಂತು ತೊಲೆಯನ್ನು ಎತ್ತಿನ ಬೆನ್ನು ತಟ್ಟಿದಂತೆ ಎರಡು ಸಲ ತಟ್ಟಿದರು. "ಏನ್ ತೊಲಿರಿ ಇದು! ನೀರಾಗ ನೆನಿಸಿದ ಬೇವೇನ್ರಿ?"

"ಹೂಂನ್ರಿ," ಎಂದೆ.

ಹೆಡ್‌ಮಾಸ್ತರರು ನಂಬಿದ ಅದೇ ಹೂಂ. ಅವರು ತಟ್ಟಿದ್ದಕ್ಕೆ ಅವರ ಬಿಳಿ ಅಂಗಿಯ ಹೆಗಲ ಮೇಲೆ ಸಣ್ಣಗೆ ಹಿಟ್ಟು ಉದುರಿತು. ಭಾಳ ಸಲಿಗೆ ಇದ್ದವನ ಹಾಗೆ ಹೆಗಲ ಮೇಲೆ ಕೈ ಹಾಕಿ, ಒರೆಸುತ್ತಲೇ ಅವರನ್ನು ಹೊರಗೆ ಕರೆತಂದೆ.

ಜ್ಯೇಷ್ಠ ಬಂತು. ಮಧ್ಯಾಹ್ನವಾದರೆ ಪಡುವಣದಲ್ಲಿ ಮೋಡ ಕಟ್ಟಲು ಶುರುವಾಯಿತು. ಮುಂಗಾರಿನ ಮಿರಗದ ಮಳೆ ಬಿದ್ದರೆ ನೆಲದಿಂದ ಥಂಡಿ ಏರುತ್ತದೆ, ಚೀಲಗಳನ್ನು ಅಟ್ಟಕ್ಕೆ ಏರಿಸಬೇಕು ಎಂದು ಹೆಂಡತಿ ದಿನಾ ಹೇಳುತ್ತಿದ್ದಳು. ನನ್ನ ಹತ್ತಿರ ದಿನಾ ಒಂದು ನೆಪ ಇರುತ್ತಿತ್ತು. ನಡ ನೋವು. ಏಣಿಯ ಮೆಟ್ಟಿಲು ಸಡಿಲ. ಇಲಿ. ಇಲಿಗೆ ಅಟ್ಟಕ್ಕಿಂತ ನೆಲವೇ ಇಷ್ಟ ಎಂದು ಅವಳು ತಿರುಗಿ ಹೇಳಿದಾಗ ನನ್ನ ನೆಪಗಳು ಮುಗಿದವು.

ಅಂಥ ಒಂದು ಮಧ್ಯಾಹ್ನ ಕೆಲಸದಿಂದ ಬಂದು ಬಸ್ಸಿನಿಂದ ಇಳಿದರೆ ನಮ್ಮ ಮನೆಯ ಮುಂದೆ ಟ್ರ್ಯಾಕ್ಟರ್. ಟ್ರ್ಯಾಲಿ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ನಾಲ್ಕು ಚೀಲ, ಮೇಲೆ ಹೊಸ ತಾಡಪತ್ರಿ. ಹೆಂಡತಿಯ ತಮ್ಮ ಅಂಗಳದಲ್ಲಿ ನಿಂತಿದ್ದಾನೆ, ಅವಳು ಕೊಟ್ಟ ನೀರಿನ ತಂಬಿಗೆ ಕಟ್ಟೆಯ ಮೇಲೆ ಹಾಗೇ ಇದೆ.

"ಅಕ್ಕಾ, ನಾ ಮಾತಾಡಾಕ ಬಂದಿಲ್ಲ. ಜ್ವಾಳ ತಂದೀನಿ. ಮುಂಜಾನಿ ನಾನ ಕುಂತ ಜರಡಿ ಹಿಡದೀನಿ. ಟ್ರ್ಯಾಲಿ ಮೂರ ಸಲ ತೊಳದೀನಿ. ಬೇಕಾದ್ರ ಮೂಸಿ ನೋಡು. ಆಮ್ಯಾಲ ಹೇಳು ನನ್ನ ಜ್ವಾಳ ಕೆಟ್ಟದು ಅಂತ."

ಅವಳು ಮೂಸಲಿಲ್ಲ. ಮುಖ ಬೇರೆ ಕಡೆ ತಿರುಗಿಸಿ, "ಕೆಳಗ ಇಡಬ್ಯಾಡ, ಮಳಿಗೆ ಥಂಡಿ ಹಿಡಿತೈತಿ. ಅಟ್ಟಕ್ಕ ಏರಿಸು," ಎಂದಳು. ಅವಳ ಮಟ್ಟಿಗೆ ಅದು ರಾಜಿ. ಅವನ ಮಟ್ಟಿಗೂ ಇರಬೇಕು, ತಕ್ಷಣ ಒಂದು ಚೀಲಕ್ಕೆ ಬೆನ್ನು ಕೊಟ್ಟ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವನು ಖೋಲಿಯೊಳಗೆ ಏಣಿಯ ಮೇಲೆ, ಬೆನ್ನ ಮೇಲೆ ಕ್ವಿಂಟಲ್ ಚೀಲ. ಅವಳು ಏಣಿಯನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಾಳೆ, ತೊಲೆಯ ನೇರ ಕೆಳಗೆ.

"ಇಡಬ್ಯಾಡ!" ಎಂದು ಕೂಗಿದೆ.

"ಯಾಕ್ರಿ?" ಎಂದಳು ಅವಳು.

"ನೀ ಮೊದಲ ಹೊರಗ ಬಾ. ತೊಲಿಗೆ ಹುಳ ಹತ್ತೇತಿ."

"ಯಾವಾಗಿಂದ?"

"ಯುಗಾದಿ ಮುಗದಾಗಿಂದ."

ಅವಳು ಏಣಿ ಬಿಡಲಿಲ್ಲ. ಲೆಕ್ಕ ಹಾಕುವವಳ ಹಾಗೆ ಮೆಲ್ಲಗೆ ಕೇಳಿದಳು. "ಅಂದ್ರ ಆ ಹಿಟ್ಟು?"

"ಕಟ್ಟಿಗೀದು."

"ಡೀಸೆಲ್ ವಾಸನಿ?"

"ನಾನ ಹೊಡದಿದ್ದು. ಹುಳಕ್ಕ."

ಆಗ ಏಣಿಯ ನಡುವೆ ಸಿಕ್ಕಿಬಿದ್ದಿದ್ದವನು ಏದುಸಿರಿನಲ್ಲಿ ಕೂಗಿದ. "ಮಾವಾರ, ನಿಮ್ಮ ಪುರಾಣ ಆಮ್ಯಾಲ ಹೇಳ್ರಿ! ಈ ಚೀಲ ಏರಿಸಲೋ ಇಳಿಸಲೋ, ಅಷ್ಟ ಹೇಳ್ರಿ!"

ಇಳಿಸಿದೆವು. ಅವನು ಬೆವರು ಒರೆಸಿಕೊಂಡು, ನನ್ನ ಕೆಲಸದ ಚೀಲದಿಂದ ಉಳಿ ಸುತ್ತಿಗೆ ತೆಗೆದು ನನ್ನ ಕೈಗೇ ಕೊಟ್ಟ. ಅಜ್ಜ ನೆನೆ ಹಾಕುತ್ತಿದ್ದ ಎಂದು ಹೇಳಿದವನು ಅವನು, ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಏಣಿ ಹತ್ತಿದೆ. ಮೂಡಣ ತುದಿಗೆ ಹೊಡೆದೆ. ಉಳಿ ಎರಡು ಬೆರಳು ಇಳಿದು ಠಣ್ ಎಂದಿತು. ನಡುವೆ ಹೊಡೆದೆ. ಠಣ್. ಪಡುವಣ ತುದಿ, ತೊಲೆ ಕಂಬದ ಮೇಲೆ ಕೂರುವ ಜಾಗ. ಅಲ್ಲಿ ಕಳೆದ ಮಳೆಗಾಲದಲ್ಲಿ ತಗಡಿನ ಸಂದಿನಿಂದ ನೀರು ಒಸರಿದ್ದು ಕಂಡಿತ್ತು, ಬಟ್ಟೆ ತುರುಕಿ ಮರೆತಿದ್ದೆ. ಒಂದೇ ಏಟಿಗೆ ಉಳಿ ಹಿಡಿಕೆಯವರೆಗೆ ಹೋಯಿತು. ಸದ್ದೇ ಇಲ್ಲ, ಮೆತ್ತನೆಯ ಬೆಲ್ಲಕ್ಕೆ ಚುಚ್ಚಿದ ಹಾಗೆ. ಉಳಿ ಹೊರಗೆ ಎಳೆದರೆ ಹರಿದ ಚೀಲದಿಂದ ಸುರಿದಂತೆ ಹಿಟ್ಟು ಸುರಿಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಒಂದೇ ಮಾತು ಹೇಳಿದಳು.

"ಇದರ ಕೆಳಗ ನನ್ನ ಕುಂದರ್ಸಿದ್ರಿ."

ಕೂಗಿ ಹೇಳಲಿಲ್ಲ. ಕೂಗಿದ್ದರೆ ನಾನೂ ಏನಾದರೂ ಕೂಗುತ್ತಿದ್ದೆ. ಒಳಗೆ ಹೋಗಿ ತಮ್ಮನಿಗೆ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ನನಗೂ ಬಡಿಸಿದಳು, ಆದರೆ ತಟ್ಟೆಯನ್ನು ಕೈಗೆ ಕೊಡಲಿಲ್ಲ, ಮುಂದೆ ಇಟ್ಟಳು. ಅವಳು ತಮ್ಮನಿಗೆ ಕ್ಷಮೆ ಕೇಳಿದ್ದನ್ನು ನಾನು ಕಾಣಲಿಲ್ಲ. ಅವನ ತಟ್ಟೆಗೆ ಮೂರನೆಯ ಸಲ ತುಪ್ಪ ಬಿದ್ದದ್ದನ್ನು ಮಾತ್ರ ಕಂಡೆ.

ಮರುದಿನ ಅದೇ ಟ್ರ್ಯಾಲಿಯಲ್ಲಿ ಅವನು ಒಂದು ಕಲ್ಲಿನ ಕಂಬ ತಂದ. ದಾಳಿಂಬೆ ತೋಟದ ಬೇಲಿಯಿಂದ ಕಿತ್ತದ್ದು. ಇಬ್ಬರೂ ಸೇರಿ ಗರಸಿನವರೆಗೆ ಅಗೆದು, ಪಡುವಣ ತುದಿಯಿಂದ ಈಚೆ ಗಟ್ಟಿ ಇರುವ ಭಾಗಕ್ಕೆ ಆಸರೆಯಾಗಿ ಕಂಬ ನಿಲ್ಲಿಸಿ, ಜಾಲಿಯ ಬೆಣೆ ಹೊಡೆದೆವು. ಆಮೇಲೆ ನಾನು ಬಾಚಿ ಹಿಡಿದು ತೊಲೆಯ ಬಿಳಿಯನ್ನೆಲ್ಲ ಕೆತ್ತಿ ತೆಗೆದೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಕೆತ್ತಿದ್ದನ್ನು ಗುಡ್ಡೆ ಹಾಕಿ ಸುಟ್ಟೆ. ಒಳಗಿನ ಕೆಂಪು ಚೇಗಿಗೆ ಗೇರೆಣ್ಣೆ ಬಳಿದೆ. ತಗಡಿನ ಸಂದಿಯನ್ನು ಸರಿಯಾಗಿ ಮುಚ್ಚಿದೆ. ತೊಲೆ ಈಗ ಸಣ್ಣದು, ದುಂಡಗೆ ಇಲ್ಲ, ಯಾರೂ ತಲೆ ಎತ್ತಿ ನೋಡುವುದಿಲ್ಲ. ನೋಡುವುದು ಕಲ್ಲಿನ ಕಂಬವನ್ನು. "ಇದೇನ್ರಿ, ಕಟ್ಟಿಗಿ ಮನ್ಯಾಗ ಕಲ್ಲು?" ಎಂದು ಕೇಳುತ್ತಾರೆ. ಉತ್ತರ ನಾನು ಕೊಡುವ ಮೊದಲೇ ಮಣೆಯ ಮೇಲಿಂದ ಬರುತ್ತದೆ. "ನಮ್ಮ ಮನಿಯವರು ಭಾಳ ದೊಡ್ಡ ಕಟ್ಟಿಗಿ ಮೇಸ್ತ್ರಿ ನೋಡ್ರಿ, ಅದಕ್ಕ ಕಲ್ಲ ಹಚ್ಚ್ಯಾರ."

ಕುಷ್ಟಗಿಯವರಿಗೆ ಫೋನ್ ಮಾಡಿ ತೊಲೆಯನ್ನು ನೆನೆಸಿರಲಿಲ್ಲ ಎಂದು ಹೇಳಿದೆ. ಹೇಳುವ ಮೊದಲು ಎರಡು ಸಲ ನಂಬರ್ ಒತ್ತಿ ಬಿಟ್ಟಿದ್ದೆ. ಅವರು, "ಆತ್ರಿ, ನೋಡ್ತೀನಿ" ಎಂದರು. ಮತ್ತೆ ಅವರ ಫೋನ್ ಬಂದಿಲ್ಲ. ಗಂಗಾವತಿಗೆ ನಾನಿನ್ನೂ ಹೋಗಿಲ್ಲ. ಹೋದರೆ ಪರಿಚಯದವನ ತೊಲೆ ಏನಾಯಿತು ಎಂದು ಚಾಚಾ ಕೇಳುತ್ತಾರೆ. ಆ ಪರಿಚಯದವನಿಗೆ ಉಸ್ತಾದ್ ಯಾರು ಎಂಬುದನ್ನು ಆಗ ಹೇಳಲೇಬೇಕಾಗುತ್ತದೆ.

ಈಗ ಬೆಳಿಗ್ಗೆ ಖೋಲಿ ಒರೆಸುವುದು ನನ್ನ ಕೆಲಸವಲ್ಲ. ಅವಳು ಕಸಿದುಕೊಂಡಿದ್ದಾಳೆ. ನಾನು ಮನೆಯ ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿರುತ್ತೇನೆ. ಅವಳು ಒಳಗಿನಿಂದ ಕೂಗಿ ಹೇಳುತ್ತಾಳೆ. "ಇವತ್ತ ಚಿಟಿಕಿ ಐತಿ." ಇಲ್ಲವೇ, "ಇವತ್ತ ಏನಿಲ್ಲ." ಅದನ್ನು ಕೇಳುವ ತನಕ ಚಹಾ ಗಂಟಲಿಗೆ ಇಳಿಯುವುದಿಲ್ಲ. ಈಚೆಗೆ ಬಹಳ ದಿನ ಏನಿಲ್ಲ, ಏನಿಲ್ಲ ಎಂದೇ ಬರುತ್ತಿತ್ತು.

ಮೊನ್ನೆ ಮಾತ್ರ, "ಏನ್ರಿ, ಇಲ್ಲಿ ಬರ್ರಿ ಸ್ವಲ್ಪ," ಎಂದಳು. ಚಹಾ ಅಲ್ಲೇ ಇಟ್ಟು ಓಡಿದೆ. ಮಣೆಯ ಮೇಲೆ ಒಂದು ಹಿಡಿಯಷ್ಟು ಹಿಟ್ಟು. ತೊಲೆಯ ಕಡೆ ನೋಡುವ ಧೈರ್ಯ ಬರಲಿಲ್ಲ. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡು ಕಹಿಗಾಗಿ ಕಾದೆ. ಕಹಿ ಬರಲಿಲ್ಲ. ತರಿ ಹತ್ತಿತು, ಸಣ್ಣಗೆ ಸಿಹಿಯೂ ಹತ್ತಿತು. ಜೋಳದ ಹಿಟ್ಟು.

ಅವಳು ಹಿಟ್ಟು ಹತ್ತಿದ ಕೈಯನ್ನು ಸೊಂಟಕ್ಕಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೇಳ್ರಿ," ಎಂದಳು. "ಇವತ್ತ ಯಾರನ್ನ ಬೈಲಿ?"